70ರ ಅಂಗಿಯವರನ್ನು ಇನ್ನೊಮ್ಮೆ ನೋಡಿ: ಒಬ್ಬ ಲೇಖಕರಿಗೆ ಪತ್ರ

ಪ್ರಿಯ ಲೇಖಕರೇ,

ನಮ್ಮ ಕ್ರೀಡಾ ವಿಶೇಷಾಂಕಕ್ಕೆಂದು ನೀವು ಬಾಸ್ಟನ್‌ನಿಂದ ಕಳಿಸಿದ ‘ಮುದಿ ಎತ್ತಿನ ವಿದಾಯ’ ಲೇಖನವನ್ನು ಮೂರು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಕೈಬಿಡುವುದಕ್ಕೂ ಮನಸ್ಸಿಲ್ಲ. ತಿದ್ದಿ ಕಳಿಸಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ನೀವು ಎತ್ತಿಕೊಂಡ ಪ್ರಸಂಗ ಒಳ್ಳೆಯದು. ಅಮೆರಿಕನ್ ಫುಟ್‌ಬಾಲ್‌ನ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಒಂಬತ್ತು ಋತುಗಳ ಕಾಲ ಎದುರಾಳಿಗಳನ್ನು ತಡೆಯುವ ಮುಂದಿನ ಐವರ ಸಾಲಿನಲ್ಲಿ ತನ್ನ ಎಡ ಗಾರ್ಡ್ ಆಗಿದ್ದ ಲೋಗನ್ ಮ್ಯಾಂಕಿನ್ಸ್ ಅವರನ್ನು 2014ರ ಆಗಸ್ಟ್ 26ರಂದು ಟ್ಯಾಂಪಾ ಬೇ ಬಕನಿಯರ್ಸ್‌ಗೆ ಬಿಟ್ಟುಕೊಟ್ಟಿತು. ಬದಲಿಗೆ ಸಿಕ್ಕಿದ್ದು ಟಿಮ್ ರೈಟ್ ಎಂಬ ಯುವ ಆಟಗಾರ ಮತ್ತು ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಆಯ್ಕೆ. ಆಗ ಮ್ಯಾಂಕಿನ್ಸ್‌ಗೆ 32 ವರ್ಷ. ವಯಸ್ಸಾಗುತ್ತಿರುವ ತಾರೆಯನ್ನು ತಂಡ ಬಿಡಬೇಕೇ, ಇಟ್ಟುಕೊಳ್ಳಬೇಕೇ ಎಂದು ನೀವು ಕೇಳುತ್ತೀರಿ. ಹನ್ನೆರಡು ಪುಟ ಎರಡೂ ಕಡೆಯ ವಾದಗಳನ್ನು ತೂಗಿ, ಕೊನೆಗೆ ‘ಇದಕ್ಕೆ ಕಾಲವೇ ಉತ್ತರಿಸಬೇಕು’ ಎಂದು ಮುಗಿಸುತ್ತೀರಿ. ಕಾಲ ಹೇಳಬೇಕಾದುದನ್ನು ಹೇಳಿ ಹತ್ತು ವರ್ಷ ದಾಟಿತು. ಈಗ ಹೇಳಬೇಕಾದವರು ನೀವು.

ಮೊದಲು ಆ ಶೀರ್ಷಿಕೆ. ಮ್ಯಾಂಕಿನ್ಸ್ ಕ್ಯಾಲಿಫೋರ್ನಿಯಾದಲ್ಲಿ ದನ ಸಾಕುವ ಮನೆತನದಲ್ಲಿ ಬೆಳೆದವರು. ಎತ್ತಿನ ಹೋಲಿಕೆ ನಿಮಗೆ ಅಲ್ಲಿಂದ ಹೊಳೆದಿರಬಹುದು. ದುಡಿದು ದುಡಿದು ಮುದಿಯಾದ ಎತ್ತನ್ನು ಸಂತೆಗೆ ಹೊಡೆಯುವ ಚಿತ್ರ ನಮ್ಮ ಓದುಗರ ಕಣ್ಣಲ್ಲಿ ನೀರು ತರಿಸುತ್ತದೆ ಎಂಬುದೂ ನಿಮಗೆ ಗೊತ್ತು. ಆದರೆ ಎತ್ತು ಕೂಲಿ ಕೇಳುವುದಿಲ್ಲ. ಈ ಮನುಷ್ಯ ಕೇಳಿದವರು. ಒಪ್ಪಂದದ ತಕರಾರಿನಿಂದ 2010ರ ಋತುವಿನ ಮೊದಲ ಏಳು ಪಂದ್ಯಗಳಿಗೆ ಅವರು ಬರಲೇ ಇಲ್ಲ. 2011ರಲ್ಲಿ ತಂಡಗಳ ಮಾಲೀಕರು ಆಟಗಾರರಿಗೆ ಬೀಗ ಹಾಕಿದಾಗ, ತಂಡದ ತಾರೆ ಟಾಮ್ ಬ್ರೇಡಿ, ಬೇರೆ ತಂಡದ ತಾರೆ ಪೇಟನ್ ಮ್ಯಾನಿಂಗ್ ಅವರೊಂದಿಗೆ ಲೀಗ್ ಮೇಲೆ ದಾವೆ ಹೂಡಿದ ಹತ್ತು ಹೆಸರುಗಳಲ್ಲಿ ಇವರದೂ ಒಂದು. ಅದೇ ವರ್ಷ ಆರು ವರ್ಷಕ್ಕೆ 5.1 ಕೋಟಿ ಡಾಲರ್‌ಗಳ ಒಪ್ಪಂದ ಪಡೆದರು. 2014ರಲ್ಲಿ ಸಂಬಳ ಇಳಿಸಿಕೊಳ್ಳಿ ಎಂದು ತಂಡ ಕೇಳಿದಾಗ ಒಪ್ಪಲಿಲ್ಲ. ತನ್ನ ದುಡಿಮೆಯ ಬೆಲೆ ಇಷ್ಟು ಎಂದು ತಿಳಿದಿದ್ದವರು, ಅದಕ್ಕಿಂತ ಕಡಿಮೆಗೆ ನಿಲ್ಲಲಾರೆ ಎಂದು ಹೊರಟವರು. ಈ ಸಂಗತಿಗಳಲ್ಲಿ ಒಂದೂ ನಿಮ್ಮ ಲೇಖನದಲ್ಲಿಲ್ಲ. ಇದ್ದಿದ್ದರೆ ‘ಮುದಿ ಎತ್ತು’ ತಾನಾಗಿಯೇ ಬಿದ್ದುಹೋಗುತ್ತಿತ್ತು. ಅವರನ್ನು ಅಸಹಾಯಕರನ್ನಾಗಿ ಮಾಡಿ ನೀವು ಓದುಗರ ಕನಿಕರ ಗಳಿಸುತ್ತೀರಿ, ಆದರೆ ಆ ಮನುಷ್ಯರ ಘನತೆ ಕಳೆಯುತ್ತೀರಿ. ಇದು ನನಗೆ ನಿಜಕ್ಕೂ ನೋವು ಕೊಟ್ಟಿತು.

ಎರಡನೆಯದು, ಎಲ್ಲಕ್ಕಿಂತ ದೊಡ್ಡದು. ಗಾರ್ಡ್ ಎಂದರೆ ಏನು ಮಾಡುವವನು? ಹನ್ನೆರಡು ಪುಟಗಳಲ್ಲಿ ನೀವು ಅದನ್ನು ಎಲ್ಲಿಯೂ ತೋರಿಸಿಲ್ಲ. ‘ಬಲಿಷ್ಠ’, ‘ಅಪ್ರತಿಮ’, ‘ಗೋಡೆಯಂಥ’ ಎಂದಿದ್ದೀರಿ. ಗೋಡೆ ಎಂದ ಕೂಡಲೇ ರಾಹುಲ್ ದ್ರಾವಿಡ್ ಬಂದರು, ಅವರು ಬೆಂಗಳೂರು ತಂಡದಿಂದ 2011ರಲ್ಲಿ ರಾಜಸ್ಥಾನ ತಂಡಕ್ಕೆ ಹೋದ ಕಥೆ ಬಂತು, ಒಂದೂವರೆ ಪುಟ ಅದರಲ್ಲೇ ಮುಗಿಯಿತು. ಆ ಒಂದೂವರೆ ಪುಟವನ್ನು ಪೂರ್ತಿ ತೆಗೆಯಿರಿ. ದ್ರಾವಿಡ್ ಎಷ್ಟು ಮಂಕಾದರು, ಎಷ್ಟು ಉಳಿದರು ಎಂಬುದನ್ನು ರನ್ನುಗಳ ಪಟ್ಟಿ ಹೇಳಬಲ್ಲದು. ಗಾರ್ಡ್‌ಗೆ ಅಂಥ ಪಟ್ಟಿಯೇ ಇಲ್ಲ. ಅವನು ಚೆಂಡು ಹಿಡಿದು ಓಡುವುದಿಲ್ಲ, ಎಸೆಯುವುದಿಲ್ಲ, ಅಂಕ ಗಳಿಸುವುದಿಲ್ಲ. ತಪ್ಪು ಮಾಡಿದಾಗ ಮಾತ್ರ ಅವನ ಅಂಗಿಯ ಸಂಖ್ಯೆಯನ್ನು ಮೈದಾನದಲ್ಲಿ ಕೂಗಿ ಹೇಳುತ್ತಾರೆ. ವಯಸ್ಸಾದ ಲೈನ್‌ಮನ್‌ನನ್ನು, ಎಂದರೆ ಆ ಸಾಲಿನ ಆಟಗಾರನನ್ನು, ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಕಷ್ಟವಾಗುವುದೇ ಈ ಕಾರಣಕ್ಕೆ. ಅವನ ಕುಸಿತ ಅಂಕಿಗಳಲ್ಲಿ ಕಾಣುವುದಿಲ್ಲ. ಅರ್ಧ ಹೆಜ್ಜೆ ತಡವಾಗುತ್ತದೆ, ಅಷ್ಟೇ. ಅದನ್ನು ಪಕ್ಕದಲ್ಲಿ ನಿಂತವನು ಬಲ್ಲ, ಹಿಂದೆ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಬಲ್ಲ.

ನಿಮ್ಮ ಲೇಖನ ಓದಿದ ಮೇಲೆ ನಾನು ಮ್ಯಾಂಕಿನ್ಸ್ ಕಾಲದ ಒಂದು ಹಳೆಯ ಪಂದ್ಯವನ್ನು ಹಾಕಿಕೊಂಡು ಕುಳಿತೆ. ಚೆಂಡನ್ನು ನೋಡುವುದಿಲ್ಲ, ಅವರ 70ರ ಅಂಗಿಯನ್ನು ಮಾತ್ರ ನೋಡುತ್ತೇನೆ ಎಂದು ಹಟ ಹಿಡಿದೆ. ಮೊದಲ ಹತ್ತು ನಿಮಿಷ ಕಣ್ಣು ಮತ್ತೆ ಮತ್ತೆ ಚೆಂಡಿನ ಹಿಂದೆಯೇ ಹೋಯಿತು. ಆಮೇಲೆ ಕಂಡಿತು. ಗಡ್ಡದ, ಸುಮಾರು 140 ಕಿಲೋ ತೂಕದ ಆ ಮನುಷ್ಯ ಒಂದು ಕೈಯ ಬೆರಳುಗಳನ್ನು ಹುಲ್ಲಿಗೆ ಊರಿ ಬಗ್ಗಿದ್ದಾರೆ. ಚೆಂಡು ಕದಲಿತು. ಎದುರಿಗಿದ್ದವನ ಮೇಲೆ ಅವರು ಬೀಳಲಿಲ್ಲ. ಹಿಂದಕ್ಕೆ ಒಂದು ಹೆಜ್ಜೆ ಸರಿದು, ತನ್ನವರ ಬೆನ್ನ ಹಿಂದಿನಿಂದ ಬಲಕ್ಕೆ ಓಡಿ, ಸಾಲಿನ ಆ ತುದಿಯಲ್ಲಿದ್ದ ಎದುರಾಳಿಯನ್ನು ಹೆಗಲಿನಿಂದ ಗುದ್ದಿ ಹೊರಕ್ಕೆ ದಬ್ಬಿದರು. ಬಾಗಿಲಿನಷ್ಟು ಅಗಲದ ದಾರಿ ಬಿಟ್ಟುಕೊಂಡಿತು. ಚೆಂಡು ಹಿಡಿದವನು ಅದರಲ್ಲಿ ನುಗ್ಗಿದ, ಕ್ಯಾಮೆರಾ ಅವನ ಹಿಂದೆ ಹೋಯಿತು, 70ರ ಅಂಗಿ ಪರದೆಯ ಅಂಚಿನಿಂದ ಮರೆಯಾಯಿತು. ಇಂಥ ಒಂದು ಪುಟ ನಿಮ್ಮಿಂದ ಬೇಕು. ನೀವು ಆ ತಂಡದ ಊರಿನಲ್ಲಿದ್ದೀರಿ, ಕ್ರೀಡಾಂಗಣಕ್ಕೆ ಹೋಗಿದ್ದೇನೆ ಎಂದು ಬರೆದಿದ್ದೀರಿ. ನನಗಿಂತ ಚೆನ್ನಾಗಿ ಬರೆಯಬಲ್ಲಿರಿ. ನಮ್ಮಲ್ಲಿ ಫುಟ್‌ಬಾಲ್ ಎಂದರೆ ದುಂಡು ಚೆಂಡಿನ, ಕಾಲಿನ ಆಟ. ಆ ಓದುಗರನ್ನು ಇಲ್ಲಿಗೆ ಕರೆತರುವುದು ನಿಯಮಗಳ ವಿವರಣೆಯಿಂದ ಆಗುವ ಕೆಲಸವಲ್ಲ, ಇಂಥ ಒಂದು ನೋಟದಿಂದ ಆಗುತ್ತದೆ.

ಹಣದ ಭಾಗದಲ್ಲಿ ಒಂದು ತಪ್ಪಿದೆ. ಮ್ಯಾಂಕಿನ್ಸ್ ಹೋದೊಡನೆ ಅವರ ಪೂರ್ತಿ ಮೊತ್ತ ತಂಡಕ್ಕೆ ಉಳಿಯಿತು ಎಂದಿದ್ದೀರಿ. ಹಾಗಾಗುವುದಿಲ್ಲ. 2014ರಲ್ಲಿ ಪ್ರತಿ ತಂಡದ ಸಂಬಳದ ಮಿತಿ 13.3 ಕೋಟಿ ಡಾಲರ್. ಸಹಿ ಮಾಡುವಾಗ ಕೈಗೆ ಕೊಟ್ಟ ಬೋನಸ್ಸನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಲೆಕ್ಕ ಬರೆಯುತ್ತಾರೆ. ಆಟಗಾರ ನಡುವೆ ಹೋದರೆ ಬರೆಯದೆ ಉಳಿದ ಪಾಲು ಹಳೆಯ ತಂಡದ ತಲೆಯ ಮೇಲೆಯೇ ಬೀಳುತ್ತದೆ. ಉಳಿದದ್ದು ಆ ವರ್ಷದ 62.5 ಲಕ್ಷ ಡಾಲರ್ ಮೂಲ ಸಂಬಳ, ಮುಂದಿನ ವರ್ಷಗಳ ಸಂಬಳ. ಎರಡು ವಾಕ್ಯಗಳಲ್ಲಿ ಸರಿಪಡಿಸಿ ಮುಂದೆ ಹೋಗಿ.

ಇನ್ನು ನಿಮ್ಮ ತರ್ಕ. ‘ತಂಡ ಆ ವರ್ಷವೇ ಚಾಂಪಿಯನ್ ಆಯಿತು, ಆದ್ದರಿಂದ ನಿರ್ಧಾರ ಸರಿ’ ಎಂದು ಏಳನೇ ಪುಟದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. 2015ರ ಫೆಬ್ರುವರಿ 1ರಂದು ಸಿಯಾಟಲ್ ವಿರುದ್ಧ 28-24ರಿಂದ ಗೆದ್ದ ಆ ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಕೊನೆಯ ಅರೆನಿಮಿಷದಲ್ಲಿ ಅಂಕದ ಗೆರೆಯ ಬಳಿಯೇ ಮಾಲ್ಕಂ ಬಟ್ಲರ್ ಎಂಬ ಹೊಸ ಹುಡುಗ ಎದುರಾಳಿಯ ಪಾಸನ್ನು ಕಸಿದುಕೊಂಡಿದ್ದರಿಂದ ಉಳಿಯಿತು. ಆ ಕೈಗಳು ಒಂದು ಗೇಣು ತಪ್ಪಿದ್ದರೆ ಆಗಸ್ಟ್‌ನ ನಿರ್ಧಾರ ತಪ್ಪಾಗಿಬಿಡುತ್ತಿತ್ತೇ? ಗೆಲುವನ್ನು ಸಾಕ್ಷಿಯಾಗಿ ತರುವುದಾದರೆ ಸೆಪ್ಟೆಂಬರ್ ತಿಂಗಳನ್ನೂ ತರಬೇಕು. ಮೊದಲ ಪಂದ್ಯದಲ್ಲೇ ಮಯಾಮಿ ಎದುರು 33-20ರ ಸೋಲು. ತಿಂಗಳ ಕೊನೆಯಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ 41-14ರ ಸೋಲು. ಕ್ವಾರ್ಟರ್‌ಬ್ಯಾಕ್ ಬ್ರೇಡಿಯ ಮುಂದಿನ ಸಾಲು ಸೋರುತ್ತಿತ್ತು. ಇದನ್ನೆಲ್ಲ ಮ್ಯಾಂಕಿನ್ಸ್ ಇಲ್ಲದ್ದಕ್ಕೇ ಕಟ್ಟಬೇಡಿ: ಸಾಲಿನವರನ್ನು ದಶಕಗಳಿಂದ ತಿದ್ದಿ ತೀಡಿದ್ದ ತರಬೇತುದಾರ ಡಾಂಟೆ ಸ್ಕಾರ್ನೆಕಿಯಾ ಹಿಂದಿನ ಋತುವಿನ ನಂತರ ನಿವೃತ್ತರಾಗಿದ್ದರು. ಒಂದೇ ವರ್ಷ ಗುರುವೂ ಹೋದರು, ಹಿರಿಯ ಶಿಷ್ಯನೂ ಹೋದರು. ಅಕ್ಟೋಬರ್ ಹೊತ್ತಿಗೆ ಡಾನ್ ಕಾನಲಿ ಎಡ ಗಾರ್ಡ್ ಆಗಿ, ಬ್ರಯನ್ ಸ್ಟಾರ್ಕ್ ಎಂಬ ಹೊಸಬ ನಡುವೆ ನಿಂತು ಸಾಲು ಕೂಡಿಕೊಂಡಿತು.

ನಾಲ್ಕನೇ ಸುತ್ತಿನ ಆ ಆಯ್ಕೆಯಿಂದ ಟ್ರೇ ಫ್ಲವರ್ಸ್ ಎಂಬ ಆಟಗಾರ ಬಂದದ್ದನ್ನು, 2017ರ ಸೂಪರ್ ಬೌಲ್‌ನಲ್ಲಿ ಅವರು ಅಟ್ಲಾಂಟಾದ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿ ಪಂದ್ಯ ತಿರುಗಿಸಲು ನೆರವಾದದ್ದನ್ನು ನೀವು ಸೊಗಸಾಗಿ ಹೇಳಿದ್ದೀರಿ. ಅದು ಇರಲಿ. ಆದರೆ 2014ರಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂಬ ಒಂದು ಮಾತು ಸೇರಿಸಿ.

ನನ್ನ ಅಭಿಪ್ರಾಯ ಕೇಳಿದರೆ ಹೇಳುತ್ತೇನೆ. ನೀವು ಇದನ್ನೇ ಬರೆಯಬೇಕೆಂದಿಲ್ಲ. ತಂಡ ಅವರನ್ನು ಬಿಡಬಹುದಿತ್ತು, ಆದರೆ ಮಾರ್ಚ್‌ನಲ್ಲಿ ಬಿಡಬೇಕಿತ್ತು. ಆಗಸ್ಟ್ 26 ಎಂದರೆ ಮೊದಲ ಪಂದ್ಯಕ್ಕೆ ಹನ್ನೆರಡು ದಿನ. ಐವರ ಸಾಲು ಒಂದೇ ಉಸಿರಿನಲ್ಲಿ ಕದಲಬೇಕು, ಒಬ್ಬನನ್ನು ತೆಗೆದರೆ ಉಳಿದ ನಾಲ್ವರೂ ಪಾಠ ಹೊಸದಾಗಿ ಕಲಿಯಬೇಕು. ಬೇಸಿಗೆಯಿಡೀ ಮಾಡಬೇಕಿದ್ದ ಆ ಕೆಲಸವನ್ನು ಸೆಪ್ಟೆಂಬರ್‌ನ ಪಂದ್ಯಗಳಲ್ಲಿ ಮಾಡಿದರು, ಅದರ ಏಟನ್ನು ಬ್ರೇಡಿ ತಿಂದರು. ಮಾರ್ಚ್‌ನಲ್ಲಿ ಬಿಟ್ಟಿದ್ದರೆ ಮ್ಯಾಂಕಿನ್ಸ್ ತಾವು ಮೆಚ್ಚಿದ ತಂಡ ಆರಿಸಿಕೊಳ್ಳಬಹುದಿತ್ತು. ಬದಲಿಗೆ ಅವರು ಸೇರಿದ್ದು ಆ ಋತುವಿನಲ್ಲಿ 2 ಗೆದ್ದು 14 ಸೋತ ತಂಡವನ್ನು. ಅಲ್ಲಿಯೂ ಅವರು ಮುಗಿದುಹೋಗಿರಲಿಲ್ಲ: 2015ರಲ್ಲಿ ಏಳನೇ ಬಾರಿಗೆ, ಋತುವಿನ ಅತ್ಯುತ್ತಮ ಆಟಗಾರರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾಗಿ, ಆಮೇಲೆ ನಿವೃತ್ತರಾದರು. ತಾನು ತರಬೇತು ಕೊಟ್ಟವರಲ್ಲೆಲ್ಲ ಅತ್ಯುತ್ತಮ ಗಾರ್ಡ್ ಇವರೇ ಎಂದು ಪೇಟ್ರಿಯಟ್ಸ್‌ನ ಆಗಿನ ಮುಖ್ಯ ತರಬೇತುದಾರ ಬಿಲ್ ಬೆಲಿಚಿಕ್ ಹೇಳಿದ್ದು ಅವರನ್ನು ಕಳಿಸಿಕೊಟ್ಟ ದಿನವೇ. ಆ ಮಾತು ಪ್ರಾಮಾಣಿಕವಾದದ್ದೇ ಎಂದು ನಾನು ನಂಬುತ್ತೇನೆ. ಕಳಿಸಿದ್ದೂ ಅಷ್ಟೇ ನಿಜ. ಎರಡೂ ಒಬ್ಬನೇ ಮನುಷ್ಯನಲ್ಲಿ ಹೇಗೆ ಕೂಡಿದ್ದವು ಎಂಬುದರ ಮೇಲೆ ನೀವು ನಿಲ್ಲಬೇಕು. ನಿಮ್ಮ ಕರಡು ಬೆಲಿಚಿಕ್ ಅವರನ್ನು ‘ಕಟುಕ’ ಎಂದು ಕರೆದು ಮುಂದೆ ಸಾಗಿಬಿಡುತ್ತದೆ.

‘ಗಾಯದ ನಡುವೆಯೂ ಆಡಿದರು’ ಎಂದು ಹತ್ತನೇ ಪುಟದಲ್ಲಿ ಒಂದು ಸಾಲು ಬರೆದಿದ್ದೀರಿ. ಆ ಸಾಲಿನ ಒಳಗೆ ಏನಿದೆ ಗೊತ್ತೇ? 2011ರ ಋತುವಿನ ಆರಂಭದಲ್ಲೇ ಅವರ ಒಂದು ಮೊಣಕಾಲಿನ ಮುಖ್ಯ ಅಸ್ಥಿರಜ್ಜು ಹರಿದಿತ್ತು. ಕಾಲು ತಿರುಚಿದಾಗ ಮಂಡಿ ಜಾರದಂತೆ ಹಿಡಿಯುವ ಕಟ್ಟು ಅದು. ಬೇರೆಯವರು ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ವರ್ಷವನ್ನೇ ಬಿಡುತ್ತಾರೆ. ಮ್ಯಾಂಕಿನ್ಸ್ ಆ ಕಾಲನ್ನೇ ಹುಲ್ಲಿಗೆ ಊರಿ ಸೂಪರ್ ಬೌಲ್‌ವರೆಗೂ ಆಡಿದರು. ಕೊನೆಯ ಸುತ್ತಿನ ಪಂದ್ಯಗಳಲ್ಲಿ ಇನ್ನೊಂದು ಮೊಣಕಾಲಿಗೂ ಪೆಟ್ಟಾಯಿತು. ಆ ಸೂಪರ್ ಬೌಲನ್ನು 21-17ರಿಂದ ಸೋತು ಮನೆಗೆ ಹೋದರು. ಪೇಟ್ರಿಯಟ್ಸ್ 2005ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದಿತು, ಇವರು ಬಂದದ್ದು ಆ ಏಪ್ರಿಲ್‌ನಲ್ಲಿ. ಇವರು ಹೋದದ್ದು 2014ರ ಆಗಸ್ಟ್‌ನಲ್ಲಿ, ಮತ್ತೆ ಗೆದ್ದದ್ದು ಮುಂದಿನ ಫೆಬ್ರುವರಿಯಲ್ಲಿ. ಒಂಬತ್ತು ವರ್ಷದಲ್ಲಿ ಎರಡು ಸೂಪರ್ ಬೌಲ್ ಆಡಿ, ಗೆದ್ದವರಿಗೆ ಕೊಡುವ ಒಂದು ಉಂಗುರವೂ ಇಲ್ಲ. ಇದನ್ನು ನೀವು ಅಡಿಟಿಪ್ಪಣಿಯಲ್ಲಿ ಹಾಕಿದ್ದೀರಿ! ಅಲ್ಲಿಂದ ಎತ್ತಿ ಲೇಖನದ ಮೊದಲ ಪುಟಕ್ಕೆ ತನ್ನಿ.

ಮುಂದಿನ ತಿಂಗಳ 20ರವರೆಗೆ ಕಾಯುತ್ತೇನೆ. ಆರು ಪುಟ ಸಾಕು. ಹೊಸ ಶೀರ್ಷಿಕೆ ಕೊನೆಯಲ್ಲಿ ಇಡಿ, ಬರೆದು ಮುಗಿಸಿದ ಮೇಲೆ ಅದು ನಿಮಗೆ ಸಿಗುತ್ತದೆ. ಅದಕ್ಕೂ ಮೊದಲು ಒಂದು ಹಳೆಯ ಪಂದ್ಯ ಹಾಕಿಕೊಂಡು, ಚೆಂಡನ್ನು ಬಿಟ್ಟು, 70ರ ಅಂಗಿಯನ್ನು ಮಾತ್ರ ನೋಡಿ.

ನಿಮ್ಮ ವಿಶ್ವಾಸಿ,
ಸಂಪಾದಕ