ರೇಟ್ ಏರಿಸಿದ್ರೆ ಕುಡಿತ ಕಮ್ಮಿ ಆಗತ್ತಾ? ಸಂಪಾದಕರ ಉತ್ತರ

ನಮಸ್ತೆ ಮೇಡಂ. "ಸರ್ಕಾರ ರೇಟ್ ಏರಿಸ್ತಾನೇ ಇದೆ, ಕುಡಿಯೋರು ಕುಡೀತಾನೇ ಇದಾರೆ, ಮನೆಗೆ ಬರೋ ದುಡ್ಡು ಮಾತ್ರ ಇನ್ನೂ ಕಮ್ಮಿ ಆಗ್ತಿದೆ, ಇದರ ಬದಲು ಒಂದೇ ಸಲ ಎಲ್ಲಾ ಅಂಗಡಿ ಮುಚ್ಚಿಸಿಬಿಡ್ಲಿ" ಅಂತ ಬರ್ದಿದೀರಿ. ರೇಟಿಂದ ಏನೂ ಆಗಲ್ಲ ಅನ್ನೋದನ್ನ ನಾನು ಒಪ್ಪಲ್ಲ, ಆದ್ರೆ ಮನೆ ದುಡ್ಡಿನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ.

ಸ್ಕಾಟ್ಲೆಂಡ್ ನೋಡಿ. ಒಂದು ಯೂನಿಟ್ ಆಲ್ಕೋಹಾಲ್, ಅಂದ್ರೆ ಸುಮಾರು 8 ಗ್ರಾಂ, ಅದನ್ನ ಅರ್ಧ ಪೌಂಡ್, ಅಂದ್ರೆ 50 ಪೆನ್ಸ್‌ಗಿಂತ ಕಮ್ಮಿಗೆ ಯಾರೂ ಮಾರೋ ಹಾಗಿಲ್ಲ ಅಂತ ಅಲ್ಲಿ 2012ರಲ್ಲೇ ಕಾನೂನು ಪಾಸಾಯ್ತು, ವಿಸ್ಕಿ ಕಂಪನಿಗಳ ಸಂಘ ಕೋರ್ಟಿಗೆ ಹೋಗಿ ಎಳೆದಾಡಿ ಕೊನೆಗೆ ಜಾರಿಗೆ ಬಂದಿದ್ದು 2018ರ ಮೇ 1ಕ್ಕೆ. ಬಾರಲ್ಲಿ ಕೂತು ಕುಡಿಯೋರಿಗೆ ಇದು ಅಷ್ಟಾಗಿ ತಟ್ಟಲೇ ಇಲ್ಲ. ತಟ್ಟಿದ್ದು 3 ಲೀಟರ್ ಬಾಟಲಿಲಿ ಬರ್ತಿದ್ದ ಸ್ಟ್ರಾಂಗ್ ಸೈಡರಿಗೆ, ಅಂದ್ರೆ ಸೇಬಿನ ರಸದಿಂದ ಮಾಡೋ ಮದ್ಯಕ್ಕೆ. ಅದು 7.5 ಪರ್ಸೆಂಟ್ ಇದ್ರೆ ಇಪ್ಪತ್ತೆರಡೂವರೆ ಯೂನಿಟ್ ಆಯ್ತು, ಅಂದ್ರೆ ಕಮ್ಮಿ ಅಂದ್ರೂ 11 ಪೌಂಡ್ 25 ಪೆನ್ಸ್, ಮೊದಲು ಅದರ ಅರ್ಧ ದುಡ್ಡಿಗೇ ಸಿಗ್ತಿತ್ತು. 2023ರಲ್ಲಿ ಅಲ್ಲಿನ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದಾಗ, ಈ ರೂಲ್ ಇಲ್ದೇ ಇದ್ದಿದ್ರೆ ಆಗ್ತಿದ್ದಷ್ಟು ಸಾವಿಗೆ ಹೋಲಿಸಿದ್ರೆ ಕುಡಿತದಿಂದಲೇ ಆಗೋ ಸಾವು 13.4 ಪರ್ಸೆಂಟ್ ಕಮ್ಮಿ ಅಂತ ಗೊತ್ತಾಯ್ತು, ಜಾಸ್ತಿ ಇಳಿದಿದ್ದು ಬಡವರು ಇರೋ ಏರಿಯಾಗಳಲ್ಲೇ. 2024ರ ಸೆಪ್ಟೆಂಬರಲ್ಲಿ ಆ 50 ಪೆನ್ಸನ್ನ 65 ಮಾಡಿದ್ರು.

ಈಗ ನಿಮ್ಮ ಮಾತಿಗೆ ಬರ್ತೀನಿ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಕೂಡ ಇದೆ. ಕುಡಿತಕ್ಕೆ ಪೂರ್ತಿ ಅಂಟಿಕೊಂಡಿದ್ದ ಕೆಲವರು ಕುಡಿಯೋದನ್ನ ಬಿಡಲಿಲ್ಲ, ಊಟಕ್ಕೆ, ಕರೆಂಟ್ ಬಿಲ್ಲಿಗೆ ಇಟ್ಟಿದ್ದ ದುಡ್ಡಲ್ಲಿ ಕಡಿತ ಮಾಡಿದ್ರು. ನೀವು ನಿಮ್ಮ ಮನೇಲಿ ಕಂಡಿದ್ದು ಇದನ್ನೇ. ಇನ್ನೂ ಬೇಜಾರಿನ ವಿಷಯ ಅಂದ್ರೆ ಸ್ಕಾಟ್ಲೆಂಡಿನ ಈ ಕನಿಷ್ಠ ರೇಟ್ ತೆರಿಗೆ ಅಲ್ದೇ ಇರೋದ್ರಿಂದ ಏರಿದ ದುಡ್ಡು ಮಾರೋರ ಕೈಗೇ ಹೋಗತ್ತೆ, ಚಿಕಿತ್ಸೆಗೆ ಬರಲ್ಲ. ನನಗಂತೂ ಇದು ದೊಡ್ಡ ತಪ್ಪು ಅನ್ಸತ್ತೆ.

ಒಂದೇ ಸಲ ಮುಚ್ಚಿಸೋದಕ್ಕೆ ಮಾತ್ರ ದಯವಿಟ್ಟು ಇನ್ನೊಂದ್ಸಲ ಯೋಚನೆ ಮಾಡಿ. ಮಾರೋ ಟೈಮ್ ಕಮ್ಮಿ ಮಾಡಬಹುದು, ಯುರೋಪಿನ ಲಿಥುವೇನಿಯಾ ದೇಶದಲ್ಲಿ 2018ರಿಂದ ಭಾನುವಾರ ಮಧ್ಯಾಹ್ನ 3 ಗಂಟೆಗೇ ಅಂಗಡಿಲಿ ಮಾರಾಟ ನಿಲ್ಲಿಸ್ತಾರೆ, ಅದು ಬೇರೆ. ಆದ್ರೆ ವರ್ಷಗಟ್ಟಲೆ ದಿನಾ ಕುಡಿದ ಮೈಗೆ ದಿಢೀರ್ ಅಂತ ನಿಲ್ಸಿದ್ರೆ ಕೈ ನಡುಗತ್ತೆ, ಬೆವರು ಕಿತ್ಕೊಂಡು ಬರತ್ತೆ, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣಕ್ಕೆ ಶುರುವಾಗಿ ಜೀವಾನೇ ಹೋಗಬಹುದು. ಹಾಗಾಗಿ ನಿಮ್ಮವರು "ನಾಳೆಯಿಂದ ಬಿಡ್ತೀನಿ" ಅಂದ್ರೆ ಮನೇಲೇ ಕೂಡಿಹಾಕಬೇಡಿ, ಮೊದಲು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ದಿನಕ್ಕೆ ಎಷ್ಟು ಕುಡೀತಾರೆ, ಕೊನೇ ಸಲ ಯಾವಾಗ ಕುಡಿದ್ರು, ಮೊದಲು ಯಾವತ್ತಾದ್ರೂ ಫಿಟ್ಸ್ ಬಂದಿತ್ತಾ ಅಂತ ಮುಚ್ಚುಮರೆ ಇಲ್ದೇ ಹೇಳಿ. ಸರ್ಕಾರಕ್ಕೆ ಮನವಿ ಕೊಡೋದಾದ್ರೆ ಅಂಗಡಿ ವಿಷಯದ ಜೊತೆಗೇ ಹತ್ರದ ಆಸ್ಪತ್ರೇಲಿ ಕುಡಿತ ಬಿಡಿಸೋಕೆ ಬೆಡ್ ಎಷ್ಟಿದೆ, ಔಷಧಿ ಫ್ರೀನಾ ಅಂತ ಲಿಖಿತವಾಗಿ ಕೇಳಿ, ಉತ್ತರ ಬಂದ್ರೆ ನಮಗೂ ಕಳಿಸಿ, ಪತ್ರಿಕೇಲಿ ಹಾಕ್ತೀವಿ.