4 ಮತ್ತು 7 ವರ್ಷದ ಮಕ್ಕಳ ಜೊತೆ ಹಳ್ಳಿ ಕಡೆ ಸೈಕಲ್ ಪ್ರವಾಸ: ದಿನಕ್ಕೆ ಎಷ್ಟು ಕಿ.ಮೀ. ಇಟ್ಟುಕೊಳ್ಳಬಹುದು?

ದಿನಕ್ಕೊಂದು ಊರಲ್ಲಿ ರೂಮ್ ಬುಕ್ ಮಾಡುವ ಯೋಚನೆ ಇದೆ ಅಂತ ಬರೆದಿದ್ದೀರಿ. ದಯವಿಟ್ಟು ಮಾಡಬೇಡಿ.

ನಾವೂ ಹಾಗೇ ಹೊರಟಿದ್ದೆವು. ಮಗಳು ತನ್ನ ಸೈಕಲ್‌ನಲ್ಲಿ, ಚಿಕ್ಕವನು ನನ್ನ ಹಿಂದಿನ ಸೀಟಿನಲ್ಲಿ. ಮ್ಯಾಪ್‌ನಲ್ಲಿ ನೋಡಿದರೆ ದಾರಿ ಏನೇನೂ ಅಲ್ಲ. ಆದರೆ ಅವತ್ತು ಎದುರುಗಾಳಿ. ಗೇರ್ ಇಲ್ಲದ ಪುಟ್ಟ ಸೈಕಲ್ ಬೇರೆ. ಮಧ್ಯಾಹ್ನದ ಹೊತ್ತಿಗೆ ಮಗಳ ಮಾತೇ ನಿಂತುಹೋಗಿತ್ತು. ಅಲ್ಲೇ ಎಲ್ಲಾದರೂ ಉಳಿಯಬೇಕಿತ್ತು, ಅಲ್ವಾ? ಆದರೆ ರೂಮ್ ಇರುವುದು ಮುಂದಿನ ಊರಲ್ಲಿ, ದುಡ್ಡು ಕಟ್ಟಿಯಾಗಿದೆ. ವಾಪಸ್ ಹೋಗೋಣ ಅಂದರೆ ಹಿಂದಿನ ರೂಮ್ ಬೆಳಿಗ್ಗೆಯೇ ಖಾಲಿ ಮಾಡಿದ್ದೇವೆ, ಬಟ್ಟೆಬರೆ ಎಲ್ಲ ಕ್ಯಾರಿಯರ್ ಮೇಲಿದೆ. ಕತ್ತಲಾಗುವ ಮೊದಲು ತಲುಪಬೇಕು ಅಂತ ಹೊಲದ ನಡುವಿನ ಸುತ್ತುದಾರಿ ಬಿಟ್ಟು, ಗುಡ್ಡ ದಾಟುವ ಅಡ್ಡದಾರಿ ಹಿಡಿದೆ. ಗುಡ್ಡದ ಆಚೆ ಉದ್ದನೆಯ ಇಳಿಜಾರು.

ಅರ್ಧ ಇಳಿಯುವಷ್ಟರಲ್ಲಿ "ಅಪ್ಪಾ, ಕೈ ನೋಯ್ತಿದೆ" ಅಂತ ಕೂಗಿದಳು. ಬ್ರೇಕ್ ಹಿಡಿದೂ ಹಿಡಿದೂ ಬೆರಳು ಸೋತಿದ್ದವು. ತಿರುವಿನಲ್ಲಿ ನೇರ ಪೊದೆಗೆ ನುಗ್ಗಿದಳು. ಮಣಿಕಟ್ಟಿನ ಮೂಳೆ ಮುರಿಯಿತು. ಪ್ರವಾಸ ಅಲ್ಲಿಗೇ ಮುಗಿಯಿತು. ಆಮೇಲೆ ಬಹಳ ಕಾಲ ಅವಳು ಸೈಕಲ್ ಮುಟ್ಟಲಿಲ್ಲ.

ಬ್ರೇಕ್ ಲಿವರ್ ಅವಳ ಬೆರಳಿಗೆ ದೂರ ಇತ್ತು, ಅದೇ ಕಾರಣ ಅಂತ ನನ್ನ ಹೆಂಡತಿಯ ವಾದ. ಅದೂ ಸರಿಯೇ. ಎಷ್ಟೋ ಸೈಕಲ್‌ಗಳಲ್ಲಿ ಲಿವರ್ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಲಿವರ್ ಹಿಡಿಯ ಹತ್ತಿರಕ್ಕೆ ಬರುತ್ತದೆ. ಮಗು ಹಿಡಿ ಬಿಡದೆ ಸಲೀಸಾಗಿ ಬ್ರೇಕ್ ಒತ್ತುವಂತಿರಬೇಕು. ಆದರೂ ನನ್ನ ಲೆಕ್ಕದಲ್ಲಿ ತಪ್ಪು ಆದದ್ದು ಮನೆಯಲ್ಲಿ ಕೂತು ರೂಮ್ ಬುಕ್ ಮಾಡಿದಾಗಲೇ. ಸಂಜೆ ಇಂಥಲ್ಲಿ ಇರಲೇಬೇಕು ಅಂತ ಇಲ್ಲದಿದ್ದರೆ ಆ ಗುಡ್ಡದ ಕಡೆ ನಾನು ತಿರುಗಿಯೂ ನೋಡುತ್ತಿರಲಿಲ್ಲ.

ಹಾಗಾಗಿ ಒಂದೇ ಕಡೆ ರೂಮ್ ಮಾಡಿ. ದಿನಾ ಅಲ್ಲಿಂದ ಹೊರಟು ಅಲ್ಲಿಗೇ ಬನ್ನಿ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಸುಸ್ತಾಗಿ ವಾಪಸ್ ಬರುವಾಗ ಗಾಳಿ ಬೆನ್ನಿಗಿರುತ್ತದೆ. ಕಾಲುವೆ ದಂಡೆ ಅಥವಾ ಹಳಿ ಕಿತ್ತು ಸೈಕಲ್ ದಾರಿ ಮಾಡಿದ ಹಳೇ ರೈಲು ಮಾರ್ಗ ಸಿಕ್ಕರೆ ಬಿಡಬೇಡಿ. ರೈಲು ಕಡಿದಾದ ಏರು ಹತ್ತಲಾರದು, ಅದಕ್ಕೇ ಅಂಥ ದಾರಿಯಲ್ಲಿ ಏರಿಳಿತ ಸಾಮಾನ್ಯವಾಗಿ 100 ಮೀಟರಿಗೆ 2-3 ಮೀಟರ್ ದಾಟುವುದಿಲ್ಲ. ರಸ್ತೆಗೆ ಇಳಿಯಲೇಬೇಕಾದರೆ ಮಗುವಿನ ಹಿಂದೆ, ವಾಹನಗಳ ಕಡೆಗೆ ಸ್ವಲ್ಪ ಸರಿದು ನೀವಿರಿ. ಇನ್ನೊಬ್ಬರು ಮುಂದೆ.

ಕಿಲೋಮೀಟರ್ ಹೇಳಲೇಬೇಕು ಅಂದರೆ 7 ವರ್ಷದವರಿಗೆ ಹೋಗಿ ಬರುವುದು ಸೇರಿ 10-15 ಸಾಕು. ಸುಮ್ನೆ ಜಾಸ್ತಿ ಇಟ್ಟುಕೊಳ್ಳಬೇಡಿ.

4 ವರ್ಷದವರದ್ದು ಬೇರೆಯೇ ವಿಷಯ. ಹಿಂದಿನ ಸೀಟುಗಳ ಮಿತಿ ಹೆಚ್ಚಾಗಿ 22 ಕೆ.ಜಿ., ತೂಕ ನೋಡಿಕೊಳ್ಳಿ. ತುಳಿಯುವ ನಿಮಗೆ ಬೆವರು ಬರುತ್ತಿದ್ದರೂ ಸುಮ್ಮನೆ ಕೂತ ಮಗುವಿಗೆ ಚಳಿಯಾಗುತ್ತಿರಬಹುದು, ಒಂದು ಸ್ವೆಟರ್ ಕೈಗೆ ಸಿಗುವಂತಿರಲಿ. ಮಗು ಸೀಟಿನಲ್ಲಿರುವಾಗ ಸ್ಟ್ಯಾಂಡ್ ನಂಬಿ ಸೈಕಲ್‌ನಿಂದ ಕೈ ತೆಗೆಯಬೇಡಿ, ಫೋಟೋ ತೆಗೆಯೋದಕ್ಕೂ.