ಗೇಟಿನ ಮುಂದಿನ ಚಪ್ಪಡಿ ಯಾರದು?

ಪ್ರಿಯ ಓದುಗರೇ,

ಮರದ ಬೇರು ಎಬ್ಬಿಸಿದ್ದ ಚಪ್ಪಡಿಗೆ ಎಡವಿ ನಿಮ್ಮ ತಾಯಿಯವರ ಮಣಿಕಟ್ಟು ಮುರಿಯಿತು. ಆ ಮನೆಯವರು ‘ಫುಟ್‌ಪಾತ್ ನಮ್ಮದಲ್ಲ’ ಎಂದರು. ಪಾಲಿಕೆಯವರು ‘ಅವರ ಗೇಟಿನ ಮುಂದಿರೋದು, ಅವರನ್ನೇ ಕೇಳಿ’ ಎಂದು ಸಾಗಹಾಕಿದರು. ಹಾಗಾದರೆ ಹೊಣೆ ಯಾರದು ಎಂದು ಬರೆದಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಇದಕ್ಕೆ ಒಂದೊಂದು ಕಡೆ ಒಂದೊಂದು ಕಾನೂನು. ಇಂಗ್ಲೆಂಡಿನಲ್ಲಿ 1980ರ ಹೈವೇಸ್ ಕಾಯ್ದೆಯ ಪ್ರಕಾರ ಸಾರ್ವಜನಿಕ ದಾರಿಯ ದುರಸ್ತಿ ಸ್ಥಳೀಯ ಆಡಳಿತದ ಕೆಲಸ. ಜರ್ಮನಿಯ ಬಹಳಷ್ಟು ಊರುಗಳಲ್ಲಿ ಮನೆ ಮುಂದೆ ಹಿಮ ಬಿದ್ದರೆ ಮಾಲೀಕರೇ ತೆಗೆಯಬೇಕು. ಬಾಡಿಗೆ ಕರಾರಿನಲ್ಲಿ ಬರೆದಿದ್ದರೆ ಅದೂ ಬಾಡಿಗೆದಾರರ ತಲೆಗೆ!

ನ್ಯೂಯಾರ್ಕಿನ ಕಥೆ ಇನ್ನೂ ಸ್ವಾರಸ್ಯ. 1979ರಲ್ಲಿ ಅಲ್ಲೊಂದು ನಿಯಮ ಬಂತು. ಚಪ್ಪಡಿ ಕೆಟ್ಟಿದೆ ಎಂದು ಮೊದಲೇ ಯಾರಾದರೂ ಬರೆದು ತಿಳಿಸಿರಬೇಕು. ಆಮೇಲೂ 15 ದಿನದಲ್ಲಿ ಸರಿಮಾಡದಿದ್ದರೆ ಮಾತ್ರ ನಗರಾಡಳಿತ ಹೊಣೆ. ಅರ್ಜಿ ಕೊಟ್ಟು ಎಡವುವವರು ಯಾರಿದ್ದಾರೆ ಹೇಳಿ? ವಕೀಲರು ಬಿಡಲಿಲ್ಲ. 1982ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿದರು. ಬೀದಿ ಬೀದಿ ನೋಡಿಸಿ, ಒಡೆದ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿ ನಗರಾಡಳಿತಕ್ಕೆ ತಲುಪಿಸಿದರು. ಆ ನಕ್ಷೆಯೇ ಅರ್ಜಿ! 2003ರಲ್ಲಿ ನಗರವು ಈ ಹೊಣೆಯಲ್ಲಿ ಬಹುಪಾಲನ್ನು ಪಕ್ಕದ ಆಸ್ತಿ ಮಾಲೀಕರಿಗೆ ದಾಟಿಸಿತು. ಮಾಲೀಕರೇ ವಾಸವಿರುವ, 3 ಸಂಸಾರದವರೆಗಿನ ಮನೆಗಳಿಗೆ ವಿನಾಯಿತಿ ಇದೆ. ಅಲ್ಲಿ ಚಪ್ಪಡಿಗಳ ನಡುವೆ ಅರ್ಧ ಇಂಚು ಏರುಪೇರಾದರೂ ಅದು ದೋಷವೇ. ಬೆರಳಿನ ಅಗಲವೂ ಅಲ್ಲ, ಆದರೆ ಕಾಲೆಳೆದು ನಡೆಯುವ ಹಿರಿಯರು ಬೀಳಲು ಅಷ್ಟೇ ಸಾಕು.

ಲಾಸ್ ಏಂಜಲೀಸ್‌ನದು ಇದರ ಉಲ್ಟಾ. ಬೇರಿನಿಂದ ಎದ್ದ ಚಪ್ಪಡಿಗಳನ್ನು ತಾನೇ ಸರಿಮಾಡುತ್ತೇನೆಂದು 1970ರ ದಶಕದಲ್ಲಿ ನಗರ ಮುಂದೆ ಬಂತು. ಹಣ ಮುಗಿಯಿತು, ಕೆಲಸ ನಿಂತಿತು. ಗಾಲಿಕುರ್ಚಿಯಲ್ಲಿ ಓಡಾಡುವವರು ಕೋರ್ಟಿಗೆ ಹೋದ ಮೇಲೆ, 30 ವರ್ಷಗಳಲ್ಲಿ ಸುಮಾರು 140 ಕೋಟಿ ಡಾಲರ್ ಖರ್ಚು ಮಾಡಲು ಒಪ್ಪಿತು.

ನನ್ನನ್ನು ಕೇಳಿದರೆ, ಕೆಡಿಸಿದವರೇ ಹೊಣೆ. ಕಾರು ಏರಿಸಲು ಇಳಿಜಾರು ಕಟ್ಟಿದ್ದು, ನೀರು ಬಿಟ್ಟು ಪಾಚಿ ಕಟ್ಟಿಸಿದ್ದು, ಜಲ್ಲಿ ಸುರಿದದ್ದು ಮನೆಯವರಾದರೆ ಅವರು ನುಣುಚಿಕೊಳ್ಳಬಾರದು. ಆದರೆ ಚಪ್ಪಡಿ ಹಾಸುವುದನ್ನೂ ಅವರಿಗೇ ಬಿಟ್ಟರೆ ಹತ್ತು ಮನೆಯ ಮುಂದೆ ಹತ್ತು ಎತ್ತರ. ಅದು ದಾರಿಯಲ್ಲ, ಮೆಟ್ಟಿಲು. ಪಾಲಿಕೆ ನೆಟ್ಟ ಮರದ ಬೇರಿಗೆ ಮನೆಯವರಿಂದ ದಂಡ ಕೇಳುವುದೂ ಸರಿಯಲ್ಲ, ಅಲ್ವಾ?

ಹಾಗಾಗಿ ಮೊದಲು ಆ ಮರ ನೆಟ್ಟವರು ಯಾರೆಂದು ವಿಚಾರಿಸಿ. ಚಪ್ಪಡಿ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ನಾಳೆಯೇ ಯಾರಾದರೂ ಸಿಮೆಂಟು ಬಳಿದುಬಿಡಬಹುದು. ಮನೆಯವರಿಗೂ ಪಾಲಿಕೆಗೂ ಒಂದೇ ದಿನ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಸುಮ್ನೆ ಬಾಯಿಮಾತಿನಲ್ಲಿ ಹೇಳಿದರೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನುತ್ತಾರೆ. ಪರಿಹಾರ ಕೇಳಲು ಗಡುವು ಎಷ್ಟು ದಿನ ಎಂದು ಈ ವಾರವೇ ವಕೀಲರಲ್ಲಿ ತಿಳಿದುಕೊಳ್ಳಿ. ನ್ಯೂಯಾರ್ಕಿನಲ್ಲಿ ನಗರಾಡಳಿತಕ್ಕೆ 90 ದಿನದೊಳಗೆ ನೋಟಿಸ್ ಕೊಡಬೇಕು. ತಾಯಿಯವರ ಕೈ ಪೂರ್ತಿ ಗುಣವಾಗಲಿ ಎಂದು ಕಾಯುತ್ತಾ ಕೂರಬೇಡಿ.

– ಸಂಪಾದಕ